ಮುತ್ತಜ್ಜಿಯ ತವರು ಹುಡುಕುವುದು ಹೇಗೆ?

ವಂಶವೃಕ್ಷ ಬರೆಯಲು ಕೂತವರಿಗೆ ಗಂಡಸರ ಸಾಲು ಸಲೀಸಾಗಿ ಬರುತ್ತದೆ. ಅಪ್ಪ, ಅಜ್ಜ, ಮುತ್ತಜ್ಜ, ಅವರಪ್ಪ; ಜಮೀನಿದ್ದ ಮನೆಯಾದರೆ ಸರ್ವೆ ನಂಬರು ಸಮೇತ. ಹೆಂಗಸರ ಸಾಲಿಗೆ ಬಂದಾಗ ‘ನಂಜಮ್ಮ’ ಎಂದು ಒಂದು ಹೆಸರು ಬರೆದು ಪೆನ್ನು ಕೆಳಗಿಡಬೇಕಾಗುತ್ತದೆ. ಯಾವ ಊರಿನ ಹೆಣ್ಣು, ಅವಳಪ್ಪ ಯಾರು, ಎಷ್ಟು ವರ್ಷ ಬದುಕಿದ್ದಳು ಎಂದು ಕೇಳಿದರೆ ಮನೆಯವರೆಲ್ಲ ಮುಖ ಮುಖ ನೋಡಿಕೊಳ್ಳುತ್ತಾರೆ.

ಸುಮಾರು 1860ರಿಂದ 1920ರ ನಡುವೆ ಕನ್ನಡ ನಾಡಿನಲ್ಲಿ ಹುಟ್ಟಿದ ಇಂಥ ನಂಜಮ್ಮಂದಿರನ್ನು ಹುಡುಕಲು ಹೊರಟವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅವಳ ಹೆಸರೊಂದನ್ನೇ ಹಿಡಿದು ಹೊರಟರೆ ಬಹುಮಟ್ಟಿಗೆ ಬರಿಗೈಯಲ್ಲಿ ವಾಪಸಾಗುತ್ತೀರಿ. ಆ ಕಾಲದ ಕಾಗದಪತ್ರಗಳಲ್ಲಿ ಹೆಂಗಸು ಇಂಥವನ ಹೆಂಡತಿ, ಇಂಥವನ ತಾಯಿ ಎಂದೇ ಬರುತ್ತಾಳೆ. ಆದ್ದರಿಂದ ಹುಡುಕಬೇಕಾದದ್ದು ಅವಳ ಅಣ್ಣತಮ್ಮಂದಿರನ್ನು. ಅವರು ಸಿಕ್ಕರೆ ತವರು ಸಿಕ್ಕಿತು, ತವರು ಸಿಕ್ಕರೆ ಅವಳೂ ಸಿಕ್ಕಳು.

ಮನೆಯಲ್ಲಿ ಕೇಳಬೇಕಾದ ಪ್ರಶ್ನೆಗಳು

ಮನೆಯಲ್ಲಿರುವ ಅತಿ ಹಿರಿಯ ಹೆಂಗಸಿನ ಹತ್ತಿರ ಮೊದಲು ಹೋಗಿ. ಎಂಬತ್ತು ದಾಟಿದ ಅತ್ತೆಯೋ ದೊಡ್ಡಮ್ಮನೋ ಇದ್ದರೆ ಕಚೇರಿ, ಪತ್ರಾಗಾರ ಎಲ್ಲ ಆಮೇಲೆ. ಆದರೆ ‘ನಿಮ್ಮ ಅಜ್ಜಿಯ ಅಪ್ಪನ ಹೆಸರೇನು?’ ಎಂದು ನೇರವಾಗಿ ಕೇಳಬೇಡಿ. ‘ಅದೆಲ್ಲ ಯಾರಿಗೆ ಗೊತ್ತಪ್ಪ’ ಎಂಬ ಉತ್ತರ ಬಂದು ಮಾತು ಅಲ್ಲಿಗೇ ನಿಲ್ಲುತ್ತದೆ. ಹೋಗಿಬರುವ ದಾರಿಯ ಬಗ್ಗೆ ಕೇಳಿ.

‘ದೊಡ್ಡಮ್ಮ, ಗೌರಿ ಹಬ್ಬಕ್ಕೆ ಅಜ್ಜಿಗೆ ಬಾಗಿನ ಯಾವೂರಿಂದ ಬರ್ತಿತ್ತು? ಯಾರು ತರ್ತಿದ್ದರು?’ ಹಳೇ ಮೈಸೂರು ಸೀಮೆಯಲ್ಲಿ ಈ ಒಂದು ಪ್ರಶ್ನೆಗೆ ಊರಿನ ಹೆಸರೂ ಅಣ್ಣತಮ್ಮನ ಹೆಸರೂ ಒಟ್ಟಿಗೇ ಹೊರಬೀಳುವುದುಂಟು. ಧಾರವಾಡ, ವಿಜಯಪುರದ ಕಡೆಯಾದರೆ ಪಂಚಮಿ ಹಬ್ಬಕ್ಕೆ ಕರೆಯಲು ಯಾರು ಬರುತ್ತಿದ್ದರು ಎಂದು ಕೇಳಿ. ತುಳುನಾಡಿನಲ್ಲಿ ಆಟಿ (ಆಷಾಢದ ಹೊತ್ತಿನ ತುಳು ತಿಂಗಳು) ಕೂರಲು ಎಲ್ಲಿಗೆ ಹೋಗುತ್ತಿದ್ದರು ಎನ್ನಿ. ಚೊಚ್ಚಲ ಬಾಣಂತನ ತವರಿನಲ್ಲೇ ಆಗುತ್ತಿದ್ದುದರಿಂದ ಹಿರಿಯ ಮಗ ಹುಟ್ಟಿದ ಊರು ಯಾವುದೆಂದು ಮರೆಯದೆ ಕೇಳಿ. ಆ ಮಗನ ಶಾಲೆಯ ದಾಖಲೆಯಲ್ಲಿ ಜನ್ಮಸ್ಥಳವೆಂದು ಇನ್ನೊಂದು ಊರು ಇದ್ದರೆ ಅದು ಗುಮಾಸ್ತನ ತಪ್ಪೆಂದು ತಳ್ಳಿಹಾಕಬೇಡಿ. ಅವಳ ತವರಿನ ಮನೆದೇವರು ಯಾವುದು, ಮಕ್ಕಳ ಮುಡಿ ಎಲ್ಲಿ ಕೊಟ್ಟರು, ಸೋದರಮಾವನ ಮನೆಯಲ್ಲಿ ಸಾವಾದಾಗ ಸೂತಕ ಹಿಡಿದದ್ದು ನೆನಪಿದೆಯೇ ಎಂಬುದನ್ನೂ ಕೇಳಬಹುದು.

ಹೆಸರಿನ ವಿಷಯದಲ್ಲಿ ಎಚ್ಚರ ಬೇಕು. ಎಷ್ಟೋ ಮನೆತನಗಳಲ್ಲಿ ಮದುವೆಯ ದಿನ ಹೆಣ್ಣಿನ ಹೆಸರನ್ನೇ ಬದಲಿಸುತ್ತಿದ್ದರು. ತವರಿನಲ್ಲಿ ಕೃಷ್ಣವೇಣಿ, ಗಂಡನ ಮನೆಯಲ್ಲಿ ಲಕ್ಷ್ಮೀಬಾಯಿ. ಅತ್ತೆಯದೂ ಸೊಸೆಯದೂ ಒಂದೇ ಹೆಸರಾದರೆ ಸೊಸೆಯ ಹೆಸರು ಹೋಗುತ್ತಿತ್ತು. ಇದರ ಮೇಲೆ ಕರೆಯುವ ಹೆಸರು ಬೇರೆ: ಪುಟ್ಟಮ್ಮ, ಅಕ್ಕಯ್ಯ, ಚಿಕ್ಕವ್ವ. ಇವೆಲ್ಲವನ್ನೂ ಬರೆದುಕೊಳ್ಳಿ, ಮುಂದೆ ಯಾವುದು ಯಾವ ಕಾಗದದಲ್ಲಿ ಎದ್ದುಬರುತ್ತದೋ ಹೇಳಲಾಗದು.

ಮಾತು ಮುಗಿದ ಮೇಲೆ ಅಟ್ಟ ಹತ್ತಿ. ಹಿತ್ತಾಳೆ ಕೊಳದಪ್ಪಲೆ, ತಾಮ್ರದ ಹಂಡೆ, ಚೊಂಬುಗಳ ಕಂಠದ ಸುತ್ತ ಚುಕ್ಕಿ ಚುಕ್ಕಿಯಾಗಿ ಕೊರೆದ ಅಕ್ಷರಗಳಿರುತ್ತವೆ. ಕಿಲುಬು ಹಿಡಿದು ಓದಲಾಗದಿದ್ದರೆ ಹುಣಸೆಹಣ್ಣು ಹಾಕಿ ತಿಕ್ಕುವ ಮೊದಲು ಟಾರ್ಚನ್ನು ಅಡ್ಡಲಾಗಿ ಹಿಡಿದು ಫೋಟೊ ತೆಗೆಯಿರಿ; ತಿಕ್ಕಿ ತಿಕ್ಕಿಯೇ ಚುಕ್ಕಿಗಳು ಸವೆದಿರುತ್ತವೆ. ನಿಮ್ಮ ಮನೆತನದ್ದಲ್ಲದ ಇನಿಷಿಯಲ್ ಇರುವ ಪಾತ್ರೆ ಕಂಡರೆ ಅದು ಯಾವುದೋ ಸೊಸೆಯ ತವರಿನಿಂದ ಬಂದದ್ದಿರಬೇಕು. ಕೆಲವರು ಮದುವೆಯ ವರ್ಷವನ್ನೂ ಕೊರೆಸುತ್ತಿದ್ದರು. ಲಗ್ನಪತ್ರಿಕೆ, ಜಾತಕ, ಫೋಟೊದ ಹಿಂದಿನ ಸ್ಟುಡಿಯೊ ಮುದ್ರೆ ಇವುಗಳಿಗೂ ಇದೇ ಮರ್ಯಾದೆ.

ತರ್ಪಣ ಬಿಡುವ ಪದ್ಧತಿಯಿದ್ದ ಮನೆಯಾದರೆ ಇನ್ನೊಂದು ಕಡೆ ಕೈಹಾಕಿ. ಅಜ್ಜ ಪಂಚಾಂಗದ ಮಧ್ಯೆಯೋ ಸಂಧ್ಯಾವಂದನೆಯ ಪುಸ್ತಕದ ಕೊನೆಯ ಹಾಳೆಯಲ್ಲೋ ತರ್ಪಣದ ಹೆಸರುಗಳನ್ನು ಬರೆದಿಟ್ಟಿರುತ್ತಾರೆ. ಅದರಲ್ಲಿ ತಂದೆಯ ಕಡೆಯ ಮೂರು ತಲೆಯಷ್ಟೇ ಅಲ್ಲ, ಮಾತಾಮಹ, ಮಾತುಃ ಪಿತಾಮಹ, ಮಾತುಃ ಪ್ರಪಿತಾಮಹ ಎಂದು ತಾಯಿಯ ತವರಿನ ಮೂರು ತಲೆಯೂ, ಅವರ ಹೆಂಡಂದಿರ ಹೆಸರೂ, ಆ ಕಡೆಯ ಗೋತ್ರವೂ ಇರುತ್ತದೆ. ಅಂದರೆ ನಿಮ್ಮ ಅಜ್ಜನ ಚೀಟಿಯಲ್ಲಿರುವ ಮಾತಾಮಹ ನಿಮ್ಮ ಮುತ್ತಜ್ಜಿಯ ಅಪ್ಪ. ಯಾವ ಸರಕಾರಿ ಕಚೇರಿಯಲ್ಲೂ ಇಷ್ಟು ಅಚ್ಚುಕಟ್ಟಾಗಿ ಆರು ಹೆಸರು ಒಂದೇ ಕಡೆ ಸಿಗುವುದಿಲ್ಲ.

ಪಕ್ಷಮಾಸದಲ್ಲಿ ಅವಳ ಹೆಸರಿಗೆ ಯಾವ ದಿನ ಮಾಡುತ್ತಾರೆ ಎಂಬುದನ್ನೂ ಗಮನಿಸಿ. ಭಾದ್ರಪದ ಬಹುಳ ನವಮಿ, ಅಂದರೆ ಅವಿಧವಾ ನವಮಿಯ ದಿನ ಮಾಡುತ್ತಿದ್ದರೆ ಅವಳು ಮುತ್ತೈದೆಯಾಗಿ, ಗಂಡನಿಗಿಂತ ಮೊದಲೇ ತೀರಿಕೊಂಡವಳು. ಹಾಗಿದ್ದರೆ ವಿಧವೆಯ ಹೆಸರಿನ ಆಸ್ತಿ ಕಾಗದ ಹುಡುಕುವ ಶ್ರಮ ಉಳಿಯಿತು. ಗಂಡ ಎರಡನೇ ಮದುವೆ ಮಾಡಿಕೊಂಡಿರುವ ಸಾಧ್ಯತೆಯೂ ಎದುರಿಗೆ ಬಂತು.

ಸಂವತ್ಸರದಿಂದ ಇಸವಿಗೆ

ಹಿರಿಯರ ಬಾಯಲ್ಲಿ ಇಸವಿ ಬರುವುದಿಲ್ಲ, ಸಂವತ್ಸರವೋ ಪಿಡುಗೋ ಬರುತ್ತದೆ. ಅರವತ್ತು ಸಂವತ್ಸರಗಳ ಚಕ್ರದಲ್ಲಿ ಮೊದಲನೆಯದಾದ ಪ್ರಭವ 1867ರ ಯುಗಾದಿಗೆ ಬಂದಿತ್ತು, ಮತ್ತೆ 1927ಕ್ಕೆ ಬಂತು. ಅಲ್ಲಿಂದ ಎಣಿಸಿಕೊಂಡರಾಯಿತು. ಧಾತು ಮತ್ತು ಈಶ್ವರ 1876ರಿಂದ 1878ರವರೆಗಿನವು, ಮೈಸೂರು ಸೀಮೆಯನ್ನು ಬರಿದುಮಾಡಿದ ದೊಡ್ಡ ಬರದ ವರ್ಷಗಳು. ಬೆಂಗಳೂರಿಗೆ ಪ್ಲೇಗು ಬಂದ 1898 ವಿಳಂಬಿ. ಇನ್‌ಫ್ಲುಯೆಂಜಾ ಹಬ್ಬಿದ 1918 ಕಾಳಯುಕ್ತಿ. ಸಂವತ್ಸರ ಯುಗಾದಿಯಿಂದ ಯುಗಾದಿಗೆ ಇರುವುದರಿಂದ ಪುಷ್ಯ, ಮಾಘ, ಫಾಲ್ಗುಣದ ಘಟನೆಗಳಿಗೆ ಸಾಮಾನ್ಯವಾಗಿ ಮುಂದಿನ ಇಸವಿ ಹಾಕಬೇಕು.

‘ಪ್ಲೇಗಿನ ವರ್ಷ ಎಂಟಕ್ಕೆ ಮದುವೆ, ಇನ್‌ಫ್ಲುಯೆಂಜಾ ಬಂದಾಗ ಕಿರಿ ಮಗ ಕಂಕುಳಲ್ಲಿದ್ದ’ ಎಂದು ಯಾರಾದರೂ ಹೇಳಿದರೆ ಹುಟ್ಟು ಸುಮಾರು 1890, ಕಿರಿ ಮಗ 1917ರ ಆಸುಪಾಸು. ಪ್ಲೇಗು ಒಂದೇ ವರ್ಷಕ್ಕೆ ಹೋಗಲಿಲ್ಲ, ಮತ್ತೆ ಮತ್ತೆ ಬಂತು. ಆದ್ದರಿಂದ ಊರು ಬಿಟ್ಟು ಗುಡಿಸಲು ಹಾಕಿಕೊಂಡ ಮೊದಲ ಸಲವೋ ಆಮೇಲಿನದೋ ಎಂದು ವಿಚಾರಿಸಿ. ಶಾಲಿವಾಹನ ಶಕೆಗೆ 78 ಕೂಡಿಸಿದರೆ ಇಸವಿ. ಮದರಾಸು ಮತ್ತು ಹೈದರಾಬಾದು ಸೀಮೆಯ ಕಂದಾಯ ಕಾಗದದ ಫಸಲಿ ವರ್ಷಕ್ಕೆ 590 ಕೂಡಿಸಬೇಕು: ಫಸಲಿ 1320 ಎಂದರೆ 1910–11.

ಕಾನೂನಿನ ಗಡಿಗಳೂ ಅಂದಾಜಿಗೆ ನೆರವಾಗುತ್ತವೆ. ಎಂಟು ವರ್ಷ ತುಂಬದ ಹೆಣ್ಣುಮಕ್ಕಳ ಮದುವೆಯನ್ನು ಮೈಸೂರು ಸಂಸ್ಥಾನ 1894ರಲ್ಲೇ ನಿಷೇಧಿಸಿತ್ತು. ಬ್ರಿಟಿಷ್ ಇಂಡಿಯಾದಲ್ಲಿ 1930ರ ಏಪ್ರಿಲಿನಿಂದ ಶಾರದಾ ಕಾಯ್ದೆ ಜಾರಿಗೆ ಬಂದು ಹುಡುಗಿಗೆ 14 ಆಗಿರಬೇಕೆಂದಾಯಿತು. ಅದಕ್ಕೆ ಕೆಲವೇ ತಿಂಗಳ ಮೊದಲಿನ ಲಗ್ನಪತ್ರಿಕೆ ಕೈಗೆ ಸಿಕ್ಕರೆ ವಧುವಿನ ವಯಸ್ಸು ತೀರಾ ಕಡಿಮೆ ಇದ್ದೀತೆಂದು ಅನುಮಾನಿಸಬಹುದು. ಕಾಯ್ದೆ ಬರುವ ಮೊದಲೇ ಮುಗಿಸಿಬಿಡೋಣವೆಂದು ಅವಸರದ ಮದುವೆಗಳು ಆಗ ಬಹಳ ನಡೆದವು.

ಆ ಊರು ಆಗ ಯಾರ ಕೈಯಲ್ಲಿತ್ತು

ಇದನ್ನು ಬಿಟ್ಟು ಮುಂದೆ ಹೋದರೆ ತಪ್ಪು ಊರಿನ ಪತ್ರಾಗಾರದಲ್ಲಿ ಕೂತು ದಿನ ಕಳೆಯುತ್ತೀರಿ. 1956ರ ನವೆಂಬರ್ 1ಕ್ಕೆ ಮೊದಲು ನಮ್ಮ ನಾಡು ಹಲವು ಆಡಳಿತಗಳಲ್ಲಿ ಹಂಚಿಹೋಗಿತ್ತು. ಮೈಸೂರು ಸಂಸ್ಥಾನ ಒಂದು. ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡ ಮುಂಬಯಿ ಪ್ರಾಂತ್ಯಕ್ಕೆ. ಅದರಲ್ಲೂ ಉತ್ತರ ಕನ್ನಡ 1862ರವರೆಗೆ ಮದರಾಸಿಗೆ ಸೇರಿತ್ತು. ದಕ್ಷಿಣ ಕನ್ನಡ ಮತ್ತು ಬಳ್ಳಾರಿ ಮದರಾಸು ಪ್ರಾಂತ್ಯ. ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಯ ತಾಲ್ಲೂಕು. ಬೀದರ, ಕಲಬುರಗಿ, ರಾಯಚೂರು ನಿಜಾಮರದು. ಕೊಡಗು ತನ್ನದೇ ಪ್ರಾಂತ್ಯ. ಇವುಗಳ ನಡುವೆ ಸಂಡೂರು, ಜಮಖಂಡಿ, ಮುಧೋಳ, ರಾಮದುರ್ಗ, ಸವಣೂರಿನಂಥ ಪುಟ್ಟ ಸಂಸ್ಥಾನಗಳು. ಬೆಂಗಳೂರಿನ ದಂಡು ಪ್ರದೇಶ ಮಹಾರಾಜರದ್ದಲ್ಲ, ಬ್ರಿಟಿಷ್ ರೆಸಿಡೆಂಟರ ಕೈಯಲ್ಲಿತ್ತು. ಪೇಟೆಯ ಮನೆಗೆ ಒಂದು ಕಚೇರಿ, ಶಿವಾಜಿನಗರದ ಮನೆಗೆ ಇನ್ನೊಂದು.

ತಾಲ್ಲೂಕು ಮಟ್ಟದ ಕಾಗದ ಸಾಮಾನ್ಯವಾಗಿ ಈಗಿನ ತಾಲ್ಲೂಕು ಕಚೇರಿಯಲ್ಲೇ ಇರುತ್ತದೆ. ಮೇಲಿನ ಹಂತದ ಕಡತಗಳಿಗೆ ಬೆಂಗಳೂರಿನ ರಾಜ್ಯ ಪತ್ರಾಗಾರ, ಚೆನ್ನೈ ಎಗ್ಮೋರಿನ ತಮಿಳುನಾಡು ಪತ್ರಾಗಾರ, ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜು ಕಟ್ಟಡದಲ್ಲಿರುವ ಮಹಾರಾಷ್ಟ್ರ ಪತ್ರಾಗಾರ, ಹೈದರಾಬಾದಿನ ತಾರ್ನಾಕಾದ ತೆಲಂಗಾಣ ಪತ್ರಾಗಾರ ಹೀಗೆ ಹೋಗಬೇಕು. ರೆಸಿಡೆನ್ಸಿಯ ಪತ್ರವ್ಯವಹಾರ ದೆಹಲಿಯ ರಾಷ್ಟ್ರೀಯ ಪತ್ರಾಗಾರದ್ದು. ಅವರ ‘ಅಭಿಲೇಖ್ ಪಟಲ್’ ತಾಣದಲ್ಲಿ ಮನೆಯಿಂದಲೇ ಹುಡುಕಬಹುದು. ಬೆಳಗಾವಿ ಕಡೆಯ ಹಳೆಯ ಕಾಗದ ಮೋಡಿ ಲಿಪಿಯಲ್ಲಿ (ಮರಾಠಿಯ ಹಳೆಯ ಕೈಬರಹ), ಕಲಬುರಗಿ ಕಡೆಯದು ಉರ್ದುವಿನಲ್ಲಿ ಇರುವುದು ಮಾಮೂಲು. ಓದಿ ಹೇಳುವವರನ್ನು ಮೊದಲೇ ಗೊತ್ತುಮಾಡಿಕೊಳ್ಳಿ.

ಒಂದು ಭ್ರಮೆ ಕಳಚಿಡುತ್ತೇನೆ. ಇಂಗ್ಲೆಂಡಿನವರು ಮುತ್ತಜ್ಜಿಯನ್ನು ಜನಗಣತಿಯಲ್ಲಿ ಹುಡುಕುವುದನ್ನು ಕಂಡು ನಮ್ಮವರೂ ಅದನ್ನೇ ಕೇಳುತ್ತಾರೆ. ಮೈಸೂರಿನಲ್ಲಿ 1871ರಿಂದ ಜನಗಣತಿ ನಡೆದಿದೆ, ವರದಿಗಳೂ ಅಂತರ್ಜಾಲದಲ್ಲಿವೆ. ಆದರೆ ಅವು ಬರೀ ಲೆಕ್ಕ. ಮನೆಮನೆಯ ಹೆಸರಿದ್ದ ಹಾಳೆಗಳನ್ನು ಎಣಿಕೆ ಮುಗಿದ ಮೇಲೆ ಉಳಿಸಿಕೊಳ್ಳಲಿಲ್ಲ. ಜನನ ಮರಣದ ಹಳೆಯ ಪುಸ್ತಕಗಳು ಕೆಲವೆಡೆ ಉಳಿದಿವೆ, ನೋಡಿ. ಆದರೆ ಅಲ್ಲಿಯೂ ಅಪ್ಪನ ಹೆಸರಿನ ಮುಂದೆ ‘ಹೆಣ್ಣು’ ಎಂದಷ್ಟೇ ಬರೆದ ಸಾಲುಗಳೇ ಹೆಚ್ಚು.

ಜಮೀನಿನ ಕಾಗದದಲ್ಲಿ ಅವಳು ಎಲ್ಲಿ ಕಾಣುತ್ತಾಳೆ

ಜಮೀನಿದ್ದ ಮನೆಗಳಿಗೆ ಇದೇ ಹೆದ್ದಾರಿ, ಇಲ್ಲಿ ಪುರುಸೊತ್ತು ಮಾಡಿಕೊಂಡು ನಿಲ್ಲಬೇಕು. ಇವತ್ತಿನ ಪಹಣಿಯಿಂದ ಹಿಂದಕ್ಕೆ ನಡೆಯಿರಿ. 9ನೇ ಕಾಲಮಿನಲ್ಲಿ ಮಾಲೀಕರ ಹೆಸರು, 10ನೇದರಲ್ಲಿ ಹಕ್ಕು ಹೇಗೆ ಬಂತೆಂಬುದು ಮತ್ತು ಎಂ.ಆರ್. (ಮ್ಯುಟೇಷನ್ ರಿಜಿಸ್ಟರ್, ಅಂದರೆ ಹಕ್ಕು ಬದಲಾವಣೆಯ ಪುಸ್ತಕ) ನಂಬರು. ಆ ನಂಬರು ಹಿಡಿದು ಮ್ಯುಟೇಷನ್ ಪುಸ್ತಕ, ಅಲ್ಲಿಂದ ಕೈಬರಹದ ಪಹಣಿ, ಅದರ ಹಿಂದೆ ಹಳೇ ಮೈಸೂರಿನಲ್ಲಾದರೆ ಆರ್.ಆರ್. (ರೆಕಾರ್ಡ್ ಆಫ್ ರೈಟ್ಸ್, ಹಕ್ಕುದಾಖಲೆ) ಮತ್ತು ಇಂಡೆಕ್ಸ್ ಆಫ್ ಲ್ಯಾಂಡ್ಸ್. ಇವು ತಾಲ್ಲೂಕು ಕಚೇರಿಯ ಅಭಿಲೇಖಾಲಯದಲ್ಲಿರುತ್ತವೆ. ನಕಲಿಗೆ ಅರ್ಜಿ ಕೊಡುವಾಗ ಸರ್ವೆ ನಂಬರು, ಗ್ರಾಮ, ಹೋಬಳಿ, ಬೇಕಾದ ವರ್ಷಗಳನ್ನು ಖಚಿತವಾಗಿ ಬರೆಯಿರಿ. ‘ನಮ್ಮ ಮುತ್ತಜ್ಜಿಯ ದಾಖಲೆ ಬೇಕು’ ಎಂದರೆ ಯಾವ ಗುಮಾಸ್ತನೂ ಏಳುವುದಿಲ್ಲ. ಭೂ ಸುರಕ್ಷಾ ಯೋಜನೆಯಲ್ಲಿ ಈ ಕಡತಗಳನ್ನು ಸ್ಕ್ಯಾನ್ ಮಾಡುತ್ತಿದ್ದಾರೆ, ನಿಮ್ಮ ತಾಲ್ಲೂಕಿನದು ಆಗಿದೆಯೇ ಎಂದು ಮೊದಲು ವಿಚಾರಿಸಿ.

ಹೀಗೆ ಹಿಂದಕ್ಕೆ ನಡೆಯುವಾಗ ‘ಕೋಂ’ ಎಂಬ ಗುರುತಿನ ಮೇಲೆ ಕಣ್ಣಿರಲಿ. ‘ಬಿನ್’ ಇದ್ದರೆ ಮಗ, ‘ಕೋಂ’ ಇದ್ದರೆ ಹೆಂಡತಿ. ‘ನಂಜಮ್ಮ ಕೋಂ ಲೇಟ್ ಸಿದ್ದೇಗೌಡ’ ಎಂದು ಒಂದು ಸಾಲು ಸಿಕ್ಕರೂ ಆ ತಾರೀಖಿಗೆ ಅವಳು ಬದುಕಿದ್ದಳು, ಗಂಡ ತೀರಿದ್ದ ಎಂಬ ಎರಡು ಸಂಗತಿ ಕೈಗೆ ಬಂದಂತೆ. ಹೆಂಗಸು ತನ್ನದೇ ಹೆಸರಿನಲ್ಲಿ ಸರಕಾರದ ಪುಸ್ತಕ ಸೇರುತ್ತಿದ್ದುದು ಹೆಚ್ಚಾಗಿ ವಿಧವೆಯಾದ ಮೇಲೆಯೇ. ಮೈಸೂರಿನಲ್ಲಿ 1933ರ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯ್ದೆ, ಬ್ರಿಟಿಷ್ ಇಂಡಿಯಾದಲ್ಲಿ 1937ರ ಕಾಯ್ದೆ ಬಂದ ಮೇಲೆ ಇಂಥ ಹೆಸರುಗಳು ಹೆಚ್ಚಾಗುತ್ತವೆ. ಮುತ್ತಜ್ಜ ಈ ವರ್ಷಗಳ ನಂತರ ತೀರಿಕೊಂಡಿದ್ದರೆ ನಿಮ್ಮ ಅದೃಷ್ಟ ಚೆನ್ನಾಗಿದೆ ಎನ್ನಬೇಕು.

ಮುಂದಿನದು ಸಬ್ ರಿಜಿಸ್ಟ್ರಾರ್ ಕಚೇರಿ. ನೋಂದಣಿ ಇಲಾಖೆಯ ‘ಕಾವೇರಿ’ ತಾಣದಲ್ಲಿ ಸಿಗುವ ಋಣಭಾರ ಪತ್ರ ಸುಮಾರು 2004ರಿಂದ ಈಚಿನದು. ಅದಕ್ಕೆ ಹಿಂದಿನದಕ್ಕೆ ಕಚೇರಿಗೇ ಹೋಗಬೇಕು. 1908ರ ನೋಂದಣಿ ಕಾಯ್ದೆಯ 57ನೇ ಕಲಮಿನ ಪ್ರಕಾರ ಒಂದನೇ ಪುಸ್ತಕವನ್ನೂ ಅದರ ಇಂಡೆಕ್ಸುಗಳನ್ನೂ ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು. ಸ್ಥಿರಾಸ್ತಿಯ ಕ್ರಯ, ದಾನ, ವಿಭಾಗ, ಅಡಮಾನವೆಲ್ಲ ಅಲ್ಲಿದೆ. ಮೂರನೇ ಪುಸ್ತಕದಲ್ಲಿ ಮರಣಶಾಸನಗಳು. ಬರೆದವರು ತೀರಿಕೊಂಡಿದ್ದರೆ ಅವುಗಳ ನಕಲನ್ನೂ ಯಾರು ಬೇಕಾದರೂ ಕೇಳಬಹುದು. ಕಲಮಿನ ನಂಬರನ್ನು ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಳ್ಳಿ, ಕೆಲಸಕ್ಕೆ ಬರುತ್ತದೆ.

ಅಲ್ಲಿ ಹುಡುಕಬೇಕಾದದ್ದು ಮೊದಲಿಗೆ ದಾನಪತ್ರ. ಮಗಳಿಗೆ ಅರಿಶಿನ ಕುಂಕುಮಕ್ಕೆಂದು ಒಂದು ಹೊಲವನ್ನೋ ಅರ್ಧ ತೋಟವನ್ನೋ ಬರೆದುಕೊಡುವ ವಾಡಿಕೆ ಅನುಕೂಲಸ್ಥ ಮನೆಗಳಲ್ಲಿತ್ತು. ಅಂಥ ಪತ್ರದ ಒಕ್ಕಣೆ ಹೆಚ್ಚುಕಡಿಮೆ ಹೀಗಿರುತ್ತದೆ: ಇಂಥ ಗ್ರಾಮದಲ್ಲಿರುವ ಕೆಂಪೇಗೌಡರ ಬಿನ್ ಮರೀಗೌಡನಾದ ನಾನು, ನನ್ನ ಜ್ಯೇಷ್ಠ ಪುತ್ರಿಯೂ ಇಂಥ ಗ್ರಾಮದ ಸಿದ್ದೇಗೌಡರ ಕೋಂ ಆದ ನಂಜಮ್ಮನಿಗೆ, ಅರಿಶಿನ ಕುಂಕುಮದ ಬಾಬ್ತು ಬರೆದುಕೊಟ್ಟ ದಾನಪತ್ರ ಏನೆಂದರೆ. ಒಂದೇ ಉಸಿರಿನಲ್ಲಿ ಅಜ್ಜ, ಅಪ್ಪ, ಮಗಳು, ಅಳಿಯ, ಎರಡೂ ಊರು. ಜ್ಯೇಷ್ಠ ಎಂದಿದ್ದರಿಂದ ತಂಗಿಯರಿದ್ದರು ಎಂಬುದೂ ಬಂತು. ಅಷ್ಟಕ್ಕೇ ಬಿಡಬೇಡಿ, ಚಕ್ಕುಬಂದಿ (ಜಮೀನಿನ ನಾಲ್ಕು ದಿಕ್ಕಿನ ಎಲ್ಲೆ) ಓದಿ. ಪೂರ್ವಕ್ಕೋ ಪಶ್ಚಿಮಕ್ಕೋ ಇರುವ ಜಮೀನಿನವರು ಸಾಮಾನ್ಯವಾಗಿ ದಾಯಾದಿಗಳೇ. ಕೊನೆಯಲ್ಲಿ ಸಾಕ್ಷಿಗಳ ಸಾಲು, ಬಿಕ್ಕಲಂ (ಪತ್ರ ಬರೆದವನು) ಎಂದು ಬರೆದ ಶಾನುಭೋಗನ ಹೆಸರು; ಸಾಕ್ಷಿಗಳಲ್ಲಿ ಒಬ್ಬ ಅವಳ ಅಣ್ಣನೋ ತಮ್ಮನೋ ಆಗಿರುವುದು ಬಹಳ ಸಲ ಕಂಡ ವಿಷಯ. ಅವಳೇ ಬರೆದುಕೊಟ್ಟ ಪತ್ರವಾದರೆ ಹೆಬ್ಬೆಟ್ಟಿನ ಗುರುತಿರುತ್ತದೆ. ಮರಾಠಿ ಪ್ರಭಾವದ ಕಡೆಯ ಕಾಗದಗಳಲ್ಲಿ ಬಳೆಯ ನಿಶಾನಿಯೂ ಇರಬಹುದು.

ದಾನಪತ್ರ ಇಲ್ಲದಿದ್ದರೆ ‘ಮೈನರ್ ಗಾರ್ಡಿಯನ್ ತಾಯಿ’ ಎಂದು ಅವಳು ಬರುವ ಕ್ರಯಪತ್ರ, ಅಡಮಾನಪತ್ರಗಳು. ಸಾಲ ತೀರಿಸಲೋ ಮಗಳ ಮದುವೆಗೋ ಜಮೀನು ಮಾರುವ ವಿಧವೆ ತನ್ನ ಕಷ್ಟವನ್ನು ಅಲ್ಲಿ ಎರಡು ಸಾಲಿನಲ್ಲಿ ಹೇಳಿಕೊಂಡಿರುತ್ತಾಳೆ, ಮಕ್ಕಳ ವಯಸ್ಸೂ ಇರುತ್ತದೆ. ಅವಳ ಬದುಕಿನ ಬಗ್ಗೆ ನಿಮಗೆ ಸಿಗುವ ಅತಿ ಹತ್ತಿರದ ಮಾತು ಇದೇ ಆಗಿರಬಹುದು. ಬಳಿಕ ಪಾಲುಪಾರೀಕತ್ತು (ಆಸ್ತಿ ಪಾಲಿನ ಪತ್ರ), ಹಕ್ಕು ಬಿಡುಗಡೆ ಪತ್ರ, ದತ್ತಕ ಪತ್ರ. ಗಂಡುಮಕ್ಕಳಿಲ್ಲದ ಮನೆಗೆ ಮನೆಅಳಿಯ ಬಂದಿದ್ದರೆ ಜಮೀನು ಹೆಣ್ಣಿನ ಮೂಲಕವೇ ಇಳಿದುಬಂದಿರುತ್ತದೆ, ಆಗ ಕಾಗದದಲ್ಲಿ ಅವಳದೇ ದರ್ಬಾರು.

ಇಂಡೆಕ್ಸ್ ನೋಡುವಾಗ ಮುತ್ತಜ್ಜಿಯ ಹೆಸರಿಗಿಂತ ಅವಳ ತವರಿನ ಊರಿನ ಹೆಸರು ಹಿಡಿದು ಹೋಗುವುದು ಲೇಸು. ನಂಜಮ್ಮಂದಿರು ನೂರಾರು, ಸಣ್ಣ ಊರಿನ ಸಾಲುಗಳು ಕೆಲವೇ.

ಕೋರ್ಟಿಗೆ ಹೋದ ಮನೆತನಗಳು

ದಾಯಾದಿ ಜಗಳ ಆ ಕಾಲದವರಿಗೆ ದುಃಖ, ನಮಗೆ ದಾಖಲೆ. ವಿಭಾಗದ ದಾವೆ, ದತ್ತಕದ ದಾವೆ, ಜೀವನಾಂಶದ ದಾವೆ ಇವುಗಳಲ್ಲಿ ವಂಶಾವಳಿಯನ್ನು ಹೆಂಗಸರ ಸಮೇತ ಬರೆದುಕೊಡಲೇಬೇಕಾಗುತ್ತಿತ್ತು. ತವರಿಗೆ ವಾಪಸಾದ ವಿಧವೆ ಅಣ್ಣನ ನೆರವಿನಿಂದ ಮೈದುನರ ಮೇಲೆ ಜೀವನಾಂಶಕ್ಕೆ ಹಾಕಿದ ದಾವೆಗಳು ಸಾಕಷ್ಟಿವೆ. ಮೈಸೂರಿನ ಚೀಫ್ ಕೋರ್ಟು 1884ರಲ್ಲಿ ಶುರುವಾಗಿ 1930ರಲ್ಲಿ ಹೈಕೋರ್ಟಾಯಿತು. ಧಾರವಾಡದ ಅಪೀಲು ಮುಂಬಯಿಗೆ, ಮಂಗಳೂರಿನದು ಮದರಾಸಿಗೆ. ಮೇಲಿನ ಕೋರ್ಟಿನವರೆಗೆ ಹೋದ ಎಷ್ಟೋ ತೀರ್ಪುಗಳು ‘ಇಂಡಿಯನ್ ಕಾನೂನ್’ ತಾಣದಲ್ಲಿವೆ. ಊರಿನ ಹೆಸರು, ಮನೆತನದ ಹೆಸರುಗಳನ್ನು ಇಂಗ್ಲಿಷಿನ ಹಳೆಯ ಕಾಗುಣಿತದಲ್ಲಿ ನಾಲ್ಕಾರು ಬಗೆಯಾಗಿ ಹಾಕಿ ನೋಡಿ.

ಅಳಿಯಸಂತಾನದ ಕುಟುಂಬದವರಿಗೆ ಈ ಲೇಖನದ ಅರ್ಧ ಕಷ್ಟವೇ ಇಲ್ಲ. ಅಲ್ಲಿ ವಂಶ ಇಳಿಯುವುದೇ ತಾಯಿಯಿಂದ. ಕುಟುಂಬ ಒಡೆಯುವುದು ಹೆಣ್ಣಿನ ಹೆಸರಿನ ಕವರುಗಳಾಗಿ (ಕವಲುಗಳಾಗಿ), ಯಜಮಾನ್ತಿಯಾಗಿ ಆಡಳಿತ ನಡೆಸಿದ ಹೆಂಗಸರೂ ಇದ್ದಾರೆ. 1949ರ ಮದರಾಸು ಅಳಿಯಸಂತಾನ ಕಾಯ್ದೆ ಪಾಲಿಗೆ ದಾರಿ ತೆರೆದ ಮೇಲೆ ಹೂಡಿದ ದಾವೆಗಳಲ್ಲಿ ಮೂಲ ಹೆಂಗಸಿನಿಂದ ಹಿಡಿದು ಕವರುವಾರು ವಂಶಾವಳಿ ಸಿಗುತ್ತದೆ. ಅವರಿಗೆ ಕಷ್ಟವಾಗುವುದು ಮುತ್ತಜ್ಜ ಯಾವ ಮನೆಯವನೆಂಬುದು.

ಚರ್ಚು, ಖಾಜಿ, ಪಂಡ, ಹೆಳವ

ಕ್ರೈಸ್ತ ಕುಟುಂಬಗಳಿಗೆ ಜಮೀನಿನ ಕಾಗದಕ್ಕಿಂತ ಚರ್ಚಿನ ಪುಸ್ತಕವೇ ಒಳ್ಳೆಯದು. ಮಂಗಳೂರು ಕಡೆಯ ಕೆಥೋಲಿಕ್ ಇಗರ್ಜಿಗಳ ಹಳೆಯ ಪುಸ್ತಕಗಳು ಲ್ಯಾಟಿನ್ನಿನಲ್ಲಿವೆ, ಆದರೆ ಹೆದರಬೇಕಿಲ್ಲ. ‘ಫಿಲಿಯಾ’ ಎಂದರೆ ಮಗಳು, ‘ಉಕ್ಸೋರ್’ ಹೆಂಡತಿ, ‘ವಿದುವಾ’ ವಿಧವೆ, ಇಷ್ಟು ಗೊತ್ತಿದ್ದರೆ ಅರ್ಧ ದಾರಿ ಸವೆದಂತೆ. ಮದುವೆಯ ದಾಖಲೆಯಲ್ಲಿ ವಧುವಿನ ಅಪ್ಪ ಅಮ್ಮ ಇಬ್ಬರ ಹೆಸರೂ, ಹತ್ತಿರದ ನೆಂಟರಲ್ಲಿ ಮದುವೆಯಾಗಿದ್ದರೆ ವಿನಾಯಿತಿಯ ಟಿಪ್ಪಣಿಯೂ ಇರಬಹುದು. ದೀಕ್ಷಾಸ್ನಾನದ ಸಾಲಿನಲ್ಲಿ ಬರುವ ಧರ್ಮಮಾತೆ ಬಹಳ ಸಲ ತವರಿನ ಕಡೆಯವಳು. ಟಿಪ್ಪುವಿನ ಕಾಲದಲ್ಲಿ, 1784ರ ಸೆರೆಯ ಹೊತ್ತಿಗೆ ಕರಾವಳಿಯ ಇಗರ್ಜಿಗಳು ನೆಲಸಮವಾದದ್ದರಿಂದ ಅದಕ್ಕೂ ಹಿಂದಕ್ಕೆ ಹೋಗುವ ಆಸೆ ಇಟ್ಟುಕೊಳ್ಳಬೇಡಿ.

ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂದದ್ದು. ಅದರ ಸಭೆಗೆ ಸೇರಿದವರ ಕಾಗದಗಳಿಗೆ ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ಪತ್ರಾಗಾರ ನೋಡಬೇಕು. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿರುವ ಮಿಷನ್ ಪತ್ರಾಗಾರ ಹಳೆಯ ಫೋಟೊಗಳನ್ನು ಅಂತರ್ಜಾಲಕ್ಕೆ ಹಾಕಿದೆ. ಮಂಗಳೂರು, ಉಡುಪಿ, ಧಾರವಾಡ, ಹುಬ್ಬಳ್ಳಿ, ಬೆಟಗೇರಿ ಎಂದು ಊರಿನಿಂದ ಹುಡುಕಿ. ಫೋಟೊದಲ್ಲಿ ಪಾದ್ರಿಯ ಹೆಸರಿರುತ್ತದೆ, ಪಕ್ಕದಲ್ಲಿ ನಿಂತ ಹೆಂಗಸರ ಹೆಸರು ಹೆಚ್ಚಾಗಿ ಇರುವುದಿಲ್ಲ. ಬಳ್ಳಾರಿ, ಬೆಂಗಳೂರಿನ ಲಂಡನ್ ಮಿಷನ್ನಿನದೂ ಮೈಸೂರಿನ ವೆಸ್ಲಿಯನ್ ಮಿಷನ್ನಿನದೂ ಲಂಡನ್ನಿನ ಸೋಯಾಸ್ ಗ್ರಂಥಾಲಯದಲ್ಲಿದೆ.

ಆಂಗ್ಲೋ-ಇಂಡಿಯನ್ ಮನೆತನಗಳವರು ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ಮದರಾಸಿಗೆ ಎನ್/2, ಮುಂಬಯಿಗೆ ಎನ್/3 ಸರಣಿ ನೋಡಬೇಕು. ‘ಫೈಂಡ್‌ಮೈಪಾಸ್ಟ್’ ತಾಣದಲ್ಲಿ ದುಡ್ಡು ಕಟ್ಟಿದರೆ ಸಿಗುತ್ತವೆ. ಸಿಪಾಯಿ ಅಪ್ಪನ ಹೆಸರು, ಹುದ್ದೆ, ಪಲ್ಟನ್ನು ಎಲ್ಲ ಇದ್ದು, ಕನ್ನಡವೋ ತಮಿಳೋ ಆಡುತ್ತಿದ್ದ ತಾಯಿಯ ಜಾಗ ಖಾಲಿ ಬಿಟ್ಟಿರುವ ದೀಕ್ಷಾಸ್ನಾನದ ಸಾಲುಗಳು ಅಲ್ಲಿ ಉಂಟು. ಬರೆದಿದ್ದರೂ ಮೇರಿ ಎಂಬ ಒಂದೇ ಹೆಸರು. ಅಂಥ ಕಡೆ ಅಪ್ಪನ ಉಯಿಲು ನೋಡಿ. ಬದುಕಿದ್ದಾಗ ಬಾಯಿಬಿಡದ ಗಂಡಸು ಉಯಿಲಿನಲ್ಲಿ ಅವಳಿಗೆ ಇಷ್ಟು ರೂಪಾಯಿ ಎಂದು ಬರೆದಿರುವುದುಂಟು.

ಮುಸ್ಲಿಂ ಮನೆಗಳಲ್ಲಿ ನಿಕಾಹ್‌ನಾಮೆ ಉಳಿದಿದ್ದರೆ ವಧುವಿನ ಅಪ್ಪ, ವಕೀಲ (ಅವಳ ಪರವಾಗಿ ನಿಂತವನು), ಸಾಕ್ಷಿ, ಮಹರಿನ ಮೊತ್ತ ಎಲ್ಲ ಸಿಗುತ್ತದೆ. ಮನೆಯಲ್ಲಿ ಇಲ್ಲದಿದ್ದರೆ ಮದುವೆಯಾದ ಊರಿನ, ಎಂದರೆ ಅವಳ ತವರಿನ, ಖಾಜಿಗಳ ಮತ್ತು ಜಮಾತಿನ ಪುಸ್ತಕ ಕೇಳಿ.

ಕಾಶಿ, ಗಯಾ, ತ್ರ್ಯಂಬಕದ ಪಂಡರು ಯಾತ್ರಿಕರ ಹೆಸರುಗಳನ್ನು ಊರುವಾರು ಬರೆದಿಟ್ಟ ಪುಸ್ತಕಗಳಿವೆ. ಹರಿದ್ವಾರದ ಕೆಲವನ್ನು ‘ಫ್ಯಾಮಿಲಿಸರ್ಚ್’ ತಾಣದವರು ಚಿತ್ರೀಕರಿಸಿದ್ದಾರೆ, ನೋಡಲು ದುಡ್ಡಿಲ್ಲ. ಗಂಡ ತೀರಿದ ಮೇಲೆ ಮಗನ ಜೊತೆ ಕಾಶಿಗೆ ಹೋದವಳಾದರೆ ಅವಳ ಹೆಸರು ಅಂಥ ಪುಸ್ತಕದಲ್ಲಿ ಇದ್ದೀತು.

ಉತ್ತರ ಕರ್ನಾಟಕದ ರೈತಾಪಿ ಮನೆಗಳಿಗೆ ಹೆಳವರು ಬರುವುದು ಈಗಲೂ ಪೂರ್ತಿ ನಿಂತಿಲ್ಲ. ಸುಗ್ಗಿ ಮುಗಿದ ಮೇಲೆ ಬಂದು ಮನೆತನದ ಹೆಸರುಗಳನ್ನು ತಲೆತಲಾಂತರದಿಂದ ಹೇಳಿ, ಹೊಸದಾಗಿ ಹುಟ್ಟಿದವರನ್ನು ಸೇರಿಸಿಕೊಂಡು ಹೋಗುತ್ತಾರೆ. ಅವರ ಪುಸ್ತಕದಲ್ಲೂ ಗಂಡಸರದೇ ಸಾಲು. ಆದರೆ ‘ಈ ಹೆಣ್ಣು ಎಲ್ಲಿಂದ ತಂದದ್ರಿ ಹೆಳವಪ್ಪಾ?’ ಎಂದು ಕೇಳಿ ನೋಡಿ. ಒಂದು ಊರು ಹೇಳಿದರೆ ಆ ಊರಿನ ಹೆಳವನ ಪುಸ್ತಕದಲ್ಲಿ ಅವಳ ಅಣ್ಣತಮ್ಮಂದಿರು ಇರುತ್ತಾರೆ. ದವಸ ಧಾನ್ಯ, ದಕ್ಷಿಣೆ ಕೊಟ್ಟು ಕೇಳಿ. ಅದು ಅವರ ಕಸುಬು.

ಉಳಿದ ಕಡೆಗಳು

ಓದಿದ ಹೆಂಗಸಾದರೆ ಶಾಲೆಯ ದಾಖಲಾತಿ ಪುಸ್ತಕ ನೋಡಿ. ಮೈಸೂರಿನ ಮಹಾರಾಣಿ ಶಾಲೆ 1881ರಷ್ಟು ಹಳೆಯದು, ಮಂಗಳೂರಿನ ಸೇಂಟ್ ಆಗ್ನೆಸ್ ಕಾಲೇಜು 1921ರದು. ಅಂಕೋಲಾ, ಸಿದ್ದಾಪುರದ ಕರನಿರಾಕರಣೆಯಲ್ಲೋ 1942ರ ಚಳವಳಿಯಲ್ಲೋ ಜೈಲಿಗೆ ಹೋದವಳಾದರೆ ಪಿಂಚಣಿ ಕಡತ, ಜೈಲಿನ ಪ್ರಮಾಣಪತ್ರ. ‘ಅವಳು ಎಲ್ಲಿಗೋ ಹಡಗು ಹತ್ತಿ ಹೋದಳಂತೆ’ ಎಂಬ ಮಾತು ಮನೆಯಲ್ಲಿದ್ದರೆ ಅದನ್ನು ಕಟ್ಟುಕತೆಯೆಂದು ಬಿಡಬೇಡಿ. 1860ರಿಂದ 1911ರವರೆಗೆ ಮದರಾಸಿನಿಂದ ದಕ್ಷಿಣ ಆಫ್ರಿಕಾದ ನಟಾಲಿಗೆ ಹೋದ ಕೂಲಿಗಳ ಪಟ್ಟಿಯಲ್ಲಿ ಮೈಸೂರು, ಬೆಂಗಳೂರು, ಬಳ್ಳಾರಿ ಕಡೆಯವರೂ ಇದ್ದಾರೆ. ಅಲ್ಲಿ ಹೆಂಗಸಿಗೂ ಪ್ರತ್ಯೇಕ ಸಾಲು: ಅಪ್ಪನ ಹೆಸರು, ವಯಸ್ಸು, ಜಾತಿ, ಊರು, ಮೈಮೇಲಿನ ಮಚ್ಚೆ ಗಾಯದ ಗುರುತು ಸಹಿತ. ಮಾರಿಷಸ್ಸಿಗೆ ಹೋದವರದು ಅಲ್ಲಿನ ಮೋಕಾದ ಮಹಾತ್ಮ ಗಾಂಧಿ ಸಂಸ್ಥೆಯಲ್ಲಿದೆ, ಕೆಲವರ ಫೋಟೊ ಕೂಡ. ಡಿಎನ್‌ಎ ಪರೀಕ್ಷೆ ಹೆಣ್ಣಿನಿಂದ ಹೆಣ್ಣಿಗೆ ಬಂದ ಎಳೆಯನ್ನು ತೋರಿಸೀತು, ಊರನ್ನೂ ಹೆಸರನ್ನೂ ಅಲ್ಲ. ಆ ದುಡ್ಡಿನಲ್ಲಿ ನಕಲು ಪ್ರತಿಗಳು ಎಷ್ಟೋ ಬರುತ್ತವೆ.

ಸಿಕ್ಕವಳು ಅವಳೇ ಹೌದೇ

ಮೂರು ಕಡೆ ತಾಳೆಯಾಗದೆ ನಂಬಬೇಡಿ. ಹೆಸರು, ಗಂಡನ ಹೆಸರು, ಊರು ಮೂರೂ ಒಂದೇ ಇರುವ ಇಬ್ಬರು ಒಂದೇ ಹೋಬಳಿಯಲ್ಲಿ ಇರಬಹುದು. ಮೊದಲ ಹೆಂಡತಿ ತೀರಿಕೊಂಡು ಅವಳ ತಂಗಿಯನ್ನೇ ತಂದಿದ್ದರೆ ತವರು ಒಂದೇ, ಹೆಂಗಸು ಬೇರೆ. ಮಕ್ಕಳ ನಡುವೆ ಆರೇಳು ವರ್ಷದ ಅಂತರ ಕಂಡರೆ ಇದನ್ನು ಯೋಚಿಸಿ.

ನಮ್ಮಲ್ಲಿ ಎಲ್ಲಕ್ಕಿಂತ ತಲೆ ತಿರುಗಿಸುವುದು ಸೋದರಮಾವನ ಜೊತೆಗಿನ ಮದುವೆ. ಅಕ್ಕನ ಮಗಳನ್ನೇ ತಂದುಕೊಂಡರೆ ಅವಳ ಅತ್ತೆಯೇ ಅವಳ ಅಜ್ಜಿ, ಗಂಡನ ಮನೆಯೇ ತಾಯಿಯ ತವರು. ವಂಶವೃಕ್ಷದ ಕಂಪ್ಯೂಟರ್ ಪ್ರೋಗ್ರಾಮುಗಳಲ್ಲಿ ಒಬ್ಬಳನ್ನೇ ಎರಡು ಕಡೆ ತುಂಬಿ ಇಬ್ಬರನ್ನಾಗಿಸುವ ಅಪಾಯವಿದೆ. ದೊಡ್ಡ ಹಾಳೆಯಲ್ಲಿ ಪೆನ್ಸಿಲಿನಿಂದ ಎರಡೂ ಮನೆಯನ್ನು ಅಕ್ಕಪಕ್ಕ ಬರೆದು, ಕೊಟ್ಟುತಂದ ಹೆಣ್ಣುಗಳಿಗೆ ಗೆರೆ ಎಳೆಯಿರಿ. ಎರಡು ಮೂರು ತಲೆಮಾರಿನ ಕೊಡುಕೊಳ್ಳುವಿಕೆ ಅಲ್ಲಿ ಕಾಣತೊಡಗಿದರೆ ಸಿಗದ ತವರನ್ನು ಹುಡುಕಬೇಕಾದ ಊರುಗಳು ಎರಡಕ್ಕೋ ಮೂರಕ್ಕೋ ಇಳಿಯುತ್ತವೆ.

ಹುಡುಕುತ್ತ ಹೋದಂತೆ ಮನೆಯವರು ಮುಚ್ಚಿಟ್ಟದ್ದೂ ಸಿಗುತ್ತದೆ. ಕೂಡಿಕೆ (ಮರುಮದುವೆ) ಆದವಳು, ದೇವರಿಗೆ ಬಿಟ್ಟವಳು, ಬೇರೆ ಜಾತಿಯವಳು. 1856ರ ಕಾಯ್ದೆ ವಿಧವೆಯ ಮರುಮದುವೆಗೆ ಒಪ್ಪಿಗೆ ಕೊಟ್ಟರೂ ಹಾಗೆ ಮಾಡಿಕೊಂಡವಳು ಮೊದಲ ಗಂಡನ ಆಸ್ತಿಯ ಹಕ್ಕು ಕಳೆದುಕೊಳ್ಳುತ್ತಿದ್ದಳು. ಕಾಗದದಿಂದ ಒಬ್ಬಳು ಏಕಾಏಕಿ ಮಾಯವಾದರೆ ಸತ್ತಳೆಂದೇ ಬರೆಯಬೇಡಿ. ಮೈಸೂರು ಸರಕಾರ 1909ರಲ್ಲಿ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿ ಸೇವೆ ನಿಲ್ಲಿಸಿತು. ಅದರ ಹಿಂದುಮುಂದಿನ ಕಡತಗಳಲ್ಲಿ ಹೆಂಗಸರು ಅಪ್ಪನ ಹೆಸರಿನ ಹಂಗಿಲ್ಲದೆ ತಾಯಿ, ಅಜ್ಜಿಯ ಹೆಸರಿನೊಂದಿಗೆ ಬರುತ್ತಾರೆ. ಇಂಥ ಸಂಗತಿ ಸಿಕ್ಕ ಕೂಡಲೇ ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕುವುದು ಬೇಡ. ಅವಳ ಬದುಕಿರುವ ಮಕ್ಕಳು, ಮೊಮ್ಮಕ್ಕಳಿಗೆ ಮೊದಲು ಒಬ್ಬೊಬ್ಬರಿಗೇ ತಿಳಿಸಿ, ಎಷ್ಟು ಬರೆಯಬಹುದೆಂದು ಕೇಳಿ. ಬರೆಯಬೇಡಿ ಎಂದರೆ ಕಾಗದದ ನಕಲನ್ನು ಒಂದು ಲಕೋಟೆಯಲ್ಲಿ ಹಾಕಿ, ಎಲ್ಲಿ ಯಾವಾಗ ಸಿಕ್ಕಿತೆಂದು ಮೇಲೆ ಬರೆದಿಡಿ.

ಪ್ರತಿ ನಕಲಿನ ಹಿಂದೆಯೂ ಇದೇ ಕ್ರಮ ಇರಲಿ: ಕಚೇರಿ, ಪುಸ್ತಕದ ನಂಬರು, ಸಂಪುಟ, ಪುಟ, ನೋಡಿದ ತಾರೀಖು. ಹುಡುಕಿಯೂ ಸಿಗದ ಕಡೆಗಳನ್ನೂ ಬರೆದಿಡಿ, ಇಲ್ಲದಿದ್ದರೆ ಇನ್ನಾರು ತಿಂಗಳಿಗೆ ಅದೇ ಇಂಡೆಕ್ಸನ್ನು ಮತ್ತೆ ತಿರುವುತ್ತೀರಿ. ಅವಳ ಅಣ್ಣನ ಕಡೆಯ ಮರಿಮಕ್ಕಳು ಯಾವುದಾದರೂ ಊರಿನಲ್ಲಿ ಸಿಕ್ಕಿದರೆ ಕೈಯಲ್ಲಿ ಹಣ್ಣು, ಎಲೆಅಡಿಕೆ ಹಿಡಿದು ಹೋಗಿ, ನಿಮ್ಮ ಹತ್ತಿರ ಇರುವ ಹಾಳೆಯ ಒಂದು ಪ್ರತಿಯನ್ನು ಮೊದಲು ಅವರಿಗೆ ಕೊಡಿ. ಅವರ ಅಟ್ಟದಲ್ಲೂ ಪಾತ್ರೆಗಳಿರುತ್ತವೆ.